ಅಕ್ಕನಿಗಾಗಿ ಅರೆದ ಒಂದೆಲಗ

ನೆನಪಿನ ಶಕ್ತಿಗೆಂದು ಮಗಳು ತಂದುಕೊಟ್ಟ ಮಾತ್ರೆಯ ಡಬ್ಬಿಯ ಮೇಲೆ ‘ಒಂದೆಲಗದ ಸಾರ’ ಎಂದಿತ್ತು. ಮುಚ್ಚಳ ತೆಗೆದು ಮೂಸಿದೆ. ಒಣಗಿದ ಸೊಪ್ಪಿನ ಆ ಸಣ್ಣ ಒಗರು ವಾಸನೆ ನನ್ನನ್ನು ವೇಣೂರಿನ ತವರುಮನೆಯ ಅಡುಗೆಕೋಣೆಗೆ ಕರೆದೊಯ್ದಿತು.

ಆಗ ದೀರ್ಘ ಜ್ವರದಿಂದ ಎದ್ದ ಅಕ್ಕನಿಗೆ ನಮ್ಮೆಲ್ಲರ ಹೆಸರು ಮರೆತುಹೋಗಿತ್ತು. ನನ್ನನ್ನು ನೋಡಿ, “ಈ ಮಗು ಯಾರದ್ದು?” ಎಂದು ಕೇಳಿದ್ದಳು. ಅಮ್ಮ ದಿನಾ ಬೆಳಿಗ್ಗೆ ಗದ್ದೆಯ ಬದುವಿನಿಂದ ಸೆರಗು ತುಂಬ ಒಂದೆಲಗ ಕಿತ್ತು ತಂದು, ತೆಂಗಿನಕಾಯಿ, ಜೀರಿಗೆ ಸೇರಿಸಿ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದಳು.

“ಸೊಪ್ಪು ತಿಂದರೆ ಹೋದ ನೆನಪು ಬರ್ತದಾ ಮಾರಾಯ್ತಿ?” ಎಂದು ಅಪ್ಪ ಕೇಳಿದರು.

“ಬಂದರೂ ಬರಬಹುದು. ನನ್ನಿಂದ ಬೇರೆ ಎಂತ ಆಗ್ತದೆ ಹೇಳಿ?” ಎಂದಳು ಅಮ್ಮ.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಅಕ್ಕ ನನ್ನತ್ತ ತಿರುಗಿ, “ಚಿನ್ನಿ, ಸ್ವಲ್ಪ ಉಪ್ಪು ಕೊಡು” ಎಂದಳು. ಅಮ್ಮ ಸೌಟು ಹಿಡಿದು ನಿಂತಲ್ಲೇ ಅತ್ತುಬಿಟ್ಟಳು. ನಾನು ಉಪ್ಪು ಕೊಡುವುದನ್ನು ಮರೆತು ಅಕ್ಕನನ್ನು ತಬ್ಬಿಕೊಂಡೆ.

ಅದು ಸೊಪ್ಪಿನ ಗುಣವೋ, ದಿನ ಕಳೆದಂತೆ ತಾನಾಗಿ ವಾಸಿಯಾಯಿತೋ, ಇಂದಿಗೂ ನನಗೆ ತಿಳಿಯದು. ಮಾತ್ರೆ ನುಂಗಿ ನೀರು ಕುಡಿದೆ. ಅಕ್ಕ ತೀರಿಹೋದ ಮೇಲೆ ನನ್ನನ್ನು ಚಿನ್ನಿ ಎಂದು ಕರೆಯುವವರು ಯಾರೂ ಉಳಿದಿಲ್ಲ.