ಬೆಳಕಿಂಡಿಯ ಕೆಳಗಿನ ದಿಂಬು

ಬಿರುಕು ಬಿಟ್ಟದ್ದು ಗಾಡಿಯ ನೆತ್ತಿ; ಮಳೆಗೆ ನೆನೆದವಳು ನನ್ನ ಅಕ್ಕ. ಬೆಳಕಿಂಡಿಗೆ ಸ್ಕ್ರೂ ಬಿಗಿದ ಮೇಸ್ತ್ರಿ ನೆನೆಯಲಿಲ್ಲ, ಗಾಡಿ ಓಡಿಸಿದ ಭಾವ ನೆನೆಯಲಿಲ್ಲ, ಮುಂದೆ ನಿಂತು ಎಲ್ಲವನ್ನೂ ಮಾಡಿಸಿದ ನಾನೂ ನೆನೆಯಲಿಲ್ಲ. ನೆನೆದದ್ದು ತಾನಾಗಿ ಎದ್ದು ಪಕ್ಕಕ್ಕೆ ಸರಿಯಲಾರದ ಅವಳೊಬ್ಬಳು, ಮತ್ತು ಅವಳ ತಲೆಯಡಿಯಿದ್ದ ಬೂರುಗದ ಹತ್ತಿಯ ದಿಂಬು. ಆ ದಿಂಬಿನ ಹೊಟ್ಟೆ ಬಿಚ್ಚಿ, ಮಂಡ್ಯದ ನಮ್ಮ ಮನೆಯ ತಾರಸಿಯಲ್ಲಿ ಹತ್ತಿಯನ್ನು ಬಿಸಿಲಿಗೆ ಹರಡಿಕೊಂಡು ಕುಳಿತಿದ್ದೇನೆ. ಬೂರುಗದ ಹತ್ತಿ ಒಮ್ಮೆ ನೀರು ಕುಡಿಯಿತೆಂದರೆ ಗಂಟುಗಂಟಾಗುತ್ತದೆ. ಒಂದೊಂದನ್ನೂ ಬೆರಳಲ್ಲೇ ಬಿಡಿಸಬೇಕು. ಗೆಳೆಯರೇ, ಕೈಗೆ ಇಂಥ ನಿಧಾನದ ಕೆಲಸ ಸಿಕ್ಕಾಗ ಮನಸ್ಸು ತನ್ನ ಲೆಕ್ಕಕ್ಕೆ ಬರಬೇಕಾದ ತಪ್ಪುಗಳನ್ನೆಲ್ಲ ಕರೆದು ಎದುರಿಗೆ ಕೂರಿಸಿಕೊಳ್ಳುತ್ತದೆ.

ಅಕ್ಕ ಕಿರುಗಾವಲಿನ ಸೊಸೆ. ನಾಲ್ಕು ವರ್ಷದ ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಅಂದಿನಿಂದ ಅವಳಿಗೆ ಸೊಂಟದ ಕೆಳಗಿನ ಶರೀರವೆಂಬುದು ಇನ್ನೊಬ್ಬರ ಸಾಮಾನಿದ್ದಂತೆ. ಆಳೆತ್ತರದ ಹೇರಿನ ಮೇಲೆ ಹೆಂಗಸರನ್ನು ಕೂರಿಸಿ ಕಳುಹಿಸುವುದು ತಪ್ಪು. ಮಲಗಿದವರು ಹತ್ತಲಾರದ ಬಸ್ಸುಗಳನ್ನು ಓಡಿಸಿ ಅದನ್ನು ಸಾರ್ವಜನಿಕ ಸಾರಿಗೆಯೆಂದು ಕರೆಯುವುದು ತಪ್ಪು. ಛತ್ರಗಳಿಗೂ ಕಛೇರಿಗಳಿಗೂ ಮೆಟ್ಟಿಲು ಕಟ್ಟಿ ಇಳಿಜಾರು ಮರೆಯುವುದು ತಪ್ಪು. ಈ ಮಾತುಗಳನ್ನು ನಾನು ಅರ್ಜಿಗಳಲ್ಲಿ ಬರೆದಿದ್ದೇನೆ, ಸಭೆಗಳಲ್ಲಿ ಹೇಳಿದ್ದೇನೆ, ಶಾಲೆಯಿಂದ ನಿವೃತ್ತಳಾದ ಮೇಲೆ ನನಗಿರುವ ಉದ್ಯೋಗವೇ ಅದು. ಅರ್ಜಿಗಳು ಮೇಜಿನಿಂದ ಮೇಜಿಗೆ ತೆವಳುವಷ್ಟರಲ್ಲಿ ಅಕ್ಕ ಮನೆಯ ಸೂರಿನ ಒಂದೇ ತೊಲೆ ನೋಡುತ್ತಾ ಮೂರು ಬೇಸಿಗೆ ಕಳೆದಳು. ಕೊನೆಗೆ ಭಾವ, ನಾನು ಸೇರಿ ಹಳೆಯ ಟೆಂಪೊ ಒಂದನ್ನು ಕೊಂಡು, ಮದ್ದೂರಿನಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಶೆಡ್ಡೊಂದಕ್ಕೆ ಬಿಟ್ಟು, ಒಳಗೊಂದು ಮಂಚ, ಒಲೆ, ನೀರಿನ ಕ್ಯಾನು, ಹಿಂಬಾಗಿಲಿಗೆ ಇಳಿಜಾರಿನ ಹಲಗೆ ಇರುವಂತೆ ಅದನ್ನು ಸಣ್ಣ ಮನೆಯನ್ನಾಗಿ ಮಾಡಿಸಿದೆವು. ಊರವರು ‘ಮಂಚದ ಗಾಡಿ’ ಎಂದರು. ಅಕ್ಕ ಕೇಳಿದ್ದು ಒಂದೇ.

“ನೆತ್ತಿ ಮ್ಯಾಲೊಂದು ಗವಾಕ್ಸಿ ಇರ್ಲಿ ಕಣಮ್ಮಿ. ಮಲಗ್ದೋಳ್ಗೆ ಕಿಟಕೀಲಿ ಏನ್ ಕಂಡಾತು? ಬರೀ ಕರೆಂಟ್ ಕಂಬ.”

ಹೀಗೆ ಅವಳ ಮಂಚದ ನೇರಕ್ಕೆ, ಮೊರದಗಲದ ಒಂದು ಬೆಳಕಿಂಡಿ ಬಂತು. ಗಾಜಲ್ಲ, ಗಾಜಿನಂತೆ ಕಾಣುವ ಅಕ್ರಿಲಿಕ್ ಹಾಳೆ.

ಈ ಬೇಸಿಗೆಯಲ್ಲಿ ಭಾನುವಾರ ಬಂದರೆ ಸಾಕು, ಕೊಕ್ಕರೆ ಬೆಳ್ಳೂರು. ಹುಣಸೆಮರದ ಅಡಿಯಲ್ಲಿ ಗಾಡಿ ನಿಲ್ಲಿಸಿದರೆ ಬಣ್ಣದ ಕೊಕ್ಕರೆಗಳ ಗೂಡು ಅಕ್ಕನ ಕಣ್ಣಿಗೆ ನೇರ. ನಿಂತು ನೋಡುವ ನಮಗೆ ಕುತ್ತಿಗೆ ನೋವು. ಮಲಗಿ ನೋಡುವ ಅವಳಿಗೆ ಅದು ಸಲೀಸು. ಲೋಕದಲ್ಲಿ ನಮಗಿಂತ ಅವಳಿಗೇ ಹೆಚ್ಚು ಅನುಕೂಲವಾಗಿದ್ದ ಜಾಗವೆಂದರೆ ಅದೊಂದೇ ಇರಬೇಕು. ಅಲ್ಲೊಂದು ಬೂದುಬಣ್ಣದ ಮರಿಯಿತ್ತು, ಗೂಡಿನಂಚಿಗೆ ಬಂದು ರೆಕ್ಕೆ ಬಿಚ್ಚುವುದು, ಗಾಳಿ ನೋಡುವುದು, ಹೆದರಿ ಮಡಿಸುವುದು. “ಇವತ್ತೂ ಅದ್ಕೆ ಧೈರ್ಯ ಬರ್ನಿಲ್ಲ” ಎಂದು ಪ್ರತಿ ವಾರವೂ ವರದಿ ಒಪ್ಪಿಸುತ್ತಿದ್ದಳು. ಅದು ಹಾರುವುದನ್ನು ನೋಡಬೇಕೆಂಬುದು ನಾಲ್ಕು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಹೇಳಿದ ಮೊದಲ ಆಸೆ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬೆಳ್ಳೂರಿನಲ್ಲೇ ಮಳೆ ಬಂತು. ಭಾವನೂ ನಾನೂ ಎದುರು ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಮಳೆ ನಿಂತ ಮೇಲೆ ಗಾಡಿಯೊಳಗೆ ಹೋದರೆ ಅಕ್ಕನ ಹೆಗಲು, ಕುತ್ತಿಗೆ, ಕೂದಲು ಎಲ್ಲ ತೊಯ್ದಿತ್ತು.

“ಏನಕ್ಕಾ ಇದು!”

“ಏನಿಲ್ಲ ಬುಡು, ಬೆವ್ರು ಕಣಮ್ಮಿ.”

ಹಿಂಡಿದರೆ ಲೋಟ ತುಂಬುವಷ್ಟು ಬೆವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೇಲೆ ನೋಡಿದರೆ ಹಾಳೆಯ ಒಂದು ಸ್ಕ್ರೂವಿನಿಂದ ನಡುವಿನವರೆಗೆ ಕೂದಲೆಳೆಯಂಥ ಬಿರುಕು. ಕೂಗಿದ್ದರೆ ಕೇಳುವಷ್ಟು ದೂರದಲ್ಲೇ ನಾವಿದ್ದೆವು. ಅವಳು ಕೂಗಿರಲಿಲ್ಲ. ಏಕೆಂದು ಅಂದು ನನಗೆ ಹೊಳೆಯಲಿಲ್ಲ.

ಭಾವ ಆಲೆಮನೆ ನಡೆಸಿದವರು. ಬೆಲ್ಲದ ನೀರಿನಲ್ಲಿ ಸುಣ್ಣ ಕಲಸಿ ಬಳಿದರೆ ಯಾವ ಸೂರೂ ಸೋರುವುದಿಲ್ಲ ಎಂಬುದು ಅವರ ವಂಶದ ನಂಬಿಕೆ. ಇದು ಗಾರೆಯಲ್ಲ, ಪ್ಲಾಸ್ಟಿಕ್ಕು ಎಂದು ನಾನಂದರೆ, “ನೀ ಸುಮ್ಕಿರು ಟೀಚರಮ್ಮ, ನಮ್ಮಪ್ಪ ಆಕ್ಸಿದ್ ತಾರ್ಸಿ ಇವತ್ಗೂ ಒಂದ್ ತೊಟ್ಟು ಸೋರಿಲ್ಲ” ಎಂದು ಅಂಗೈಯಗಲಕ್ಕೆ ಬಳಿದೇ ಬಿಟ್ಟರು. ಮುಂದಿನ ಭಾನುವಾರಕ್ಕೆ ಇರುವೆಗಳು ಶಿಸ್ತಿನ ಸಾಲಿನಲ್ಲಿ ಬಂದವು. ಅವುಗಳ ಹಿಂದೆಯೇ ಮಳೆ. ಬಿರುಕಿನಿಂದ ಕಂದುಬಣ್ಣದ ಹನಿ ದಿಂಬಿಗಿಳಿಯತೊಡಗಿದಾಗ, ಕುತ್ತಿಗೆಯ ಇರುವೆ ಒರೆಸಿಕೊಳ್ಳುತ್ತಾ ಅಕ್ಕ ಹೇಳಿದಳು:

“ಮೊದ್ಲು ನೀರ್ ಸೋರ್ತಿತ್ತು, ಈಗ ಪಾನ್ಕ ಸೋರ್ತೈತೆ. ಅಂಗೇ ಒಂದ್ ನಿಂಬೆಅಣ್ಣೂ ಇಂಡ್ಬುಡಿ ನಿಮ್ಮಪ್ಪನ್ ಎಸ್ರೇಳಿ.”

ಭಾವ ನಕ್ಕರು, ಆಮೇಲೆ ಮುಖ ತಗ್ಗಿಸಿದರು. ಅವಳ ಕುತ್ತಿಗೆ ಕೆಂಪಗೆ ದದ್ದೆದ್ದಿತ್ತು.

ಮಾರನೆಯ ದಿನವೇ ಅವಳನ್ನೂ ಮಲಗಿಸಿಕೊಂಡು ಮದ್ದೂರಿನ ಶೆಡ್ಡಿಗೆ ಹೋದೆವು. ಮೇಸ್ತ್ರಿ ಬಿರುಕನ್ನು ನೋಡಿ, “ತಗಡ್ ಒಡ್ದು ಮುಚ್ಬುಡ್ತೀನಿ ಮೇಡಂ, ಇನ್ನು ಸೋರಾಕಿಲ್ಲ” ಎಂದ. ಭಾವ ಹೂಂಗುಟ್ಟಿದರು. ನಾನೂ ಹೂಂಗುಟ್ಟಿದೆ. ತಗಡನ್ನು ಅಳೆದದ್ದಾಯಿತು, ಕತ್ತರಿ ಇಟ್ಟದ್ದಾಯಿತು. ಆಗ ಗಾಡಿಯೊಳಗಿಂದ ದನಿ ಬಂತು.

“ಮುಚ್ಚಾದಾದ್ರೆ ನನ್ನ ಮನೇಲೇ ಬುಟ್ಬುಡಿ. ಅಲ್ಲಿ ತೊಲೆ, ಇಲ್ಲಿ ತಗಡು. ತಗಡ್ ನೋಡಕ್ಕೆ ಬೆಳ್ಳೂರ್ಗಂಟ ಯಾಕ್ ಬರ್ಬೇಕು?” ಮತ್ತೆ, “ಇಂಗ್ ಮಾಡ್ತೀರಿ ಅಂತಾನೇ ಅವತ್ತು ಬೆವ್ರು ಅಂದಿದ್ದು” ಎಂದಳು.

ಕತ್ತರಿ ನಿಂತಿತು. ಆ ಶೆಡ್ಡಿನ ಸದ್ದಿನ ನಡುವೆ ನನಗೆ ನಾಚಿಕೆಯಾದಷ್ಟು ಯಾವ ಸಭೆಯಲ್ಲೂ ಆಗಿಲ್ಲ. ಊರಿನ ತಪ್ಪುಗಳನ್ನೆಲ್ಲ ಹೆಸರಿಟ್ಟು ಕರೆಯುವ ನಾನು, ಅವಳ ಒಳಿತಿಗೆಂದೇ ಅವಳ ಆಕಾಶವನ್ನು ಕಿತ್ತುಕೊಳ್ಳಲು ಒಪ್ಪಿದ್ದೆ. ಕೇಳಬೇಕೆಂದು ಕೂಡ ತೋಚಿರಲಿಲ್ಲ. ನೆನೆದರೂ ಸರಿಯೆ, ಕಾಣುತ್ತಿರಲಿ ಎಂದು ಒಬ್ಬಳು ಮಳೆಯನ್ನು ಬೆವರೆಂದು ಹೇಳಬೇಕಾಗಿ ಬಂತೆಂದರೆ ಆ ಸುಳ್ಳನ್ನು ಹೇಳಿಸಿದವರು ನಾವು.

ಇನ್ನೊಂದು ತಪ್ಪು ಗಾಡಿಯ ಅಡುಗೆಯ ಹಲಗೆಯ ಮೇಲೆ ಕಾದಿತ್ತು. ಸಾಂಬಾರಪುಡಿ ಡಬ್ಬಿಗಳ ಅಡಿಗೆ ನಾನೇ ಹಾಸಿದ್ದ ಕಾಗದ, ಆ ಅಕ್ರಿಲಿಕ್ ಹಾಳೆಯ ಜೊತೆಗೆ ಬಂದದ್ದು. ಡಬ್ಬಿ ಎತ್ತಿ ಓದಿದೆ: ಬಿಸಿಲಿಗೆ ಹಾಳೆ ಹಿಗ್ಗುತ್ತದೆ, ಆದ್ದರಿಂದ ರಂಧ್ರ ಸ್ಕ್ರೂವಿಗಿಂತ ಅಗಲವಿರಲಿ, ರಬ್ಬರಿನ ವಾಷರ್ ಇರಲಿ, ಅತಿಯಾಗಿ ಬಿಗಿಯಬೇಡಿ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಹೇಳಿದಾಗ ಮೇಸ್ತ್ರಿಯ ಮುಖ ಸಪ್ಪಗಾಯಿತು. “ಬಿಗಿಯಾಗಿದ್ರೇ ಭದ್ರ ಅಂದ್ಕಂಡಿದ್ದೆ ಮೇಡಂ. ಯಾರೂ ಏಳ್ಕೊಟ್ಟಿರ್ನಿಲ್ಲ.” ನಿಜ. ಓದಲು ಬಾರದವನ ಕೈಗೆ ಆ ಕಾಗದ ಕೊಟ್ಟವರು ಹಾಳೆ ತಯಾರಿಸಿದವರು. ಓದಲು ಬರುವ ನಾನು ಅದರ ಮೇಲೆ ಡಬ್ಬಿ ಇಟ್ಟೆ.

ಹೊಸ ಹಾಳೆ ಬಂತು. ಭಾವ ತಮ್ಮ ಬೆಲ್ಲಸುಣ್ಣವನ್ನು ತಾವೇ ಬಿಸಿನೀರು ಹಾಕಿ ಉಜ್ಜಿ ತೆಗೆದರು. ಮೇಸ್ತ್ರಿ ಈ ಸಲ ರಂಧ್ರಗಳನ್ನು ಅಗಲಿಸಿ, ವಾಷರ್ ಕೂರಿಸಿ, ಹಾಳೆಗೆ ಉಸಿರಾಡಲು ಎಡೆಯಿರುವಷ್ಟೇ ಬಿಗಿದ. ಪರೀಕ್ಷೆಗೆ ಬಿಂದಿಗೆ ಎತ್ತಿದಾಗ ಅಕ್ಕನನ್ನು ಕೆಳಗಿಳಿಸಲು ಹೋದೆವು, ಅವಳು ಒಪ್ಪಲಿಲ್ಲ. “ಸೋರೋದು ಯಾರ್ ಮ್ಯಾಲೆ? ನಾನೇ ನೋಡ್ತೀನಿ, ಉಯ್ಯಲಾ ಮೇಸ್ತ್ರಿ.” ಹತ್ತು ಬಿಂದಿಗೆ ನೀರು ಅವಳ ಮುಖದ ಮೇಲೆ ಹರಿದು ಹೋಯಿತು, ಅವಳನ್ನು ಮುಟ್ಟದೆ. ಅವಳು ಕಣ್ಣು ಮುಚ್ಚಲಿಲ್ಲ.

ನಾಳೆ ಭಾನುವಾರ. ಮರಿ ಇನ್ನೂ ಗೂಡಿನಲ್ಲಿದೆಯೆಂದು ಬೆಳ್ಳೂರಿನವರು ಹೇಳಿದ್ದಾರೆ. ಹತ್ತಿಯನ್ನು ತುಂಬಿ ದಿಂಬು ಹೊಲಿದಿದ್ದೇನೆ. ಬೆಲ್ಲದ ಕಲೆ ಮಾತ್ರ ಹೋಗಲಿಲ್ಲ, ಬಟ್ಟೆ ಬದಲಿಸಲು ನನಗೂ ಮನಸ್ಸಾಗಲಿಲ್ಲ. ಅದರ ಮೇಲೆ ಕೈಯಿಟ್ಟು ಕೇಳುತ್ತೇನೆ: ಇಂಥ ಹಾಳೆಗಳನ್ನು ತಯಾರಿಸಿ ಮಾರುವವರೇ, ಕೂರಿಸುವ ಕ್ರಮವನ್ನು ಕನ್ನಡದಲ್ಲಿ, ಮೇಸ್ತ್ರಿಯ ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಹಾಳೆಯ ಮೇಲೆಯೇ ಅಚ್ಚು ಮಾಡಿ. ಮತ್ತು ಗಾಡಿ ಕಟ್ಟುವವರೇ, ಕಟ್ಟಿಸುವವರೇ, ಅವರೊಳಗೊಬ್ಬಳಾದ ನಾನೇ, ಇನ್ನು ಮುಂದೆ ಯಾವ ಬೆಳಕಿಂಡಿಗೂ ತಗಡು ಅಳೆಯುವ ಮುನ್ನ ಒಳಗೆ ಹೋಗಿ, ಅದರ ಕೆಳಗೆ ಮಲಗಿದವರನ್ನು ಒಂದು ಮಾತು ಕೇಳಿ ಬನ್ನಿ.