ಮೆಣಸಿನಕಾಯಿಯ ಕೆಳಗಿನ ನೀರು

ನನಗೆ ಈಜುಕೊಳ ಬೇಕಿರಲಿಲ್ಲ, ಮನೆ ಬೇಕಿತ್ತು. ನನ್ನ ಕೆಲಸ ಹಾವೇರಿಯ ಕಚೇರಿಯಲ್ಲಿ, ಗಂಡನ ಅಂಗಡಿ ರಾಣೆಬೆನ್ನೂರಿನಲ್ಲಿ. ನಡುವೆ ಬ್ಯಾಡಗಿಯಲ್ಲಿ ಮನೆ ಮಾಡಿದರೆ ಇಬ್ಬರ ಓಡಾಟವೂ ಸಮವಾಗುತ್ತದೆ ಎಂದು ಲೆಕ್ಕ ಹಾಕಿದೆವು. ಸಿಕ್ಕಿದ್ದು ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಮನೆ. ಮಕ್ಕಳು ಚಿಕ್ಕವರಿದ್ದಾಗ ಅವರ ಹಟಕ್ಕೆ ಮಣಿದು ಅಂಗಳದಲ್ಲಿ ಈಜುಕೊಳ ಕಟ್ಟಿಸಿದ್ದರಂತೆ. ಮನೆ ಬೇಕೆಂದರೆ ಅದೂ ಕೊರಳಿಗೆ ಬೀಳುತ್ತಿತ್ತು.

ನೀರೆಂದರೆ ನನಗೆ ಮೊದಲಿನಿಂದಲೂ ಎದೆ ಝಲ್ಲೆನ್ನುತ್ತದೆ. ಹೊಳೆದಂಡೆಯ ಊರು ಐರಣಿಗೆ ಹೋದರೂ ನೀರಿನಿಂದ ಮಾರುದೂರ ನಿಲ್ಲುವವಳು ನಾನು. ಅದಕ್ಕೇ ಮಾತು ಮುಗಿಸುವ ಮೊದಲು ಪರೀಕ್ಷೆ ಮಾಡಿಸಲೆಂದು ಈಜುಕೊಳದ ಕೆಲಸ ಬಲ್ಲವರೊಬ್ಬರನ್ನು ಹುಬ್ಬಳ್ಳಿಯಿಂದ ಕರೆಸಿದೆ. ಏನೇನು ನೋಡುತ್ತೇನೆಂದು ಅವರು ಫೋನಿನಲ್ಲೇ ಹೇಳಿದ್ದರು: ಗೋಡೆಯ ಬಿರುಕು, ಮೋಟರು, ಪೈಪು, ವೈರು, ಸುತ್ತಲಿನ ಬೇಲಿ. ನೀರು ಮಾತ್ರ ಮೊದಲೇ ಖಾಲಿ ಮಾಡಿಸಿರಬೇಕು. ಮಾಲೀಕರಿಗೆ ತಿಳಿಸಿದರೆ "ಆತ್ರಿ, ಆತ್ರಿ" ಎಂದರು. ಆ "ಆತ್ರಿ"ಯನ್ನು ನಾನು ನಂಬಿದೆ.

ಅವ್ವನೂ ಜೊತೆಗೆ ಬಂದಳು. ನನಗೆ ನೌಕರಿ ಸಿಗುವ ತನಕ ಇದೇ ಬ್ಯಾಡಗಿಯಲ್ಲಿ, ಕಂಡವರ ಕಣಗಳಲ್ಲಿ ಮೆಣಸಿನಕಾಯಿ ಹೊರಳಿಸುವ ಕೂಲಿ ಮಾಡಿದವಳು ಅವಳು. ಗೇಟು ತೆರೆದರೆ ಅಂಗಳದ ತುಂಬ ತಾಡಪತ್ರಿ, ಅದರ ಮೇಲೆ ಕೆಂಪಗೆ ಹರವಿದ ಕಾಯಿ. ಘಾಟಿಗೆ ನನಗೆ ಸೀನಿನ ಮೇಲೆ ಸೀನು, ಅವ್ವನ ಮುಖವೋ ಅರಳಿಬಿಟ್ಟಿತು. ಒಣಗಲು ಹಾಕಿದ ಕಾಯಿ ಕಂಡರೆ ಈ ಊರಿನವರು ಸುಮ್ಮನೆ ದಾಟಿ ಹೋಗುವವರಲ್ಲ. ಒಂದನ್ನು ಎತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸಪ್ಪಳ ಕೇಳಿದರೇನೇ ಸಮಾಧಾನ. ಅದೂ ಅಂಚಿನ ಕಾಯಿ ನಡೆಯದು, ಅಲ್ಲಿ ತೋರಿಕೆಗೆ ಒಳ್ಳೆಯದನ್ನೇ ಹಾಕಿರುತ್ತಾರೆಂದು ಗುಮಾನಿ. ಅವ್ವ ಚಪ್ಪಲಿ ಬಿಟ್ಟು ಸೀದಾ ನಟ್ಟನಡುವಿಗೆ ನಡೆದಳು.

"ಪೂಲು ಎಲ್ಲೈತ್ರಿ?" ಎಂದು ಹುಬ್ಬಳ್ಳಿಯವರು ಕೇಳಿದರು.

"ಅಲ್ಲೇ ಐತಲ್ರಿ, ಆ ಅವ್ವಾರ ಕಾಲ ಕೆಳಗ," ಎಂದರು ಮಾಲೀಕರು. "ಮ್ಯಾಲೆ ಹಲಿಗಿ ಹಾಕಿ ಮುಚ್ಚೇವಿ. ಕಾಯಿ ಒಣಗಸಾಕ ಜಾಗಾ ಬೇಕಲ್ರಿ."

ಹುಬ್ಬಳ್ಳಿಯವರು ಮೊಣಕಾಲೂರಿ, ತಾಡಪತ್ರಿಯ ಅಂಚು ಎತ್ತಿ, ಹಲಗೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ನೆನೆದ ರೊಟ್ಟಿಗೆ ಬೆರಳು ಇಳಿದಂತೆ ಅದು ಒಳಗೆ ಇಳಿಯಿತು. ಅವರ ಮುಖದ ಬಣ್ಣ ಬದಲಾದದ್ದನ್ನು ನಾನು ನೋಡಿದೆ. ಅವ್ವನತ್ತ ಓಡಬೇಕೆಂದು ಹೆಜ್ಜೆ ಎತ್ತಿದ ನನ್ನ ರಟ್ಟೆ ಹಿಡಿದು ಅವರು ಮೆಲ್ಲಗೆ ಹೇಳಿದರು, "ನೀವು ಹೋಗಬ್ಯಾಡ್ರಿ ಅಕ್ಕಾರ. ಭಾರ ಹೆಚ್ಚಾದ್ರ ಇಬ್ಬರೂ ಹೋಗ್ತೀರಿ. ಚೀರಬ್ಯಾಡ್ರಿ, ಅವರು ಗಾಬರಿ ಆಗ್ತಾರ."

"ನೀರು?" ಎಂದು ಮಾಲೀಕರನ್ನು ಕೇಳಿದೆ.

"ಐತ್ರಿ. ತಗಿಸಬೇಕಂದ್ರ ಕಾಯಿ ಎತ್ತಬೇಕಾಕ್ಕಿತ್ತು."

ಚೀರದೆ ತಾಯಿಯನ್ನು ಕರೆಯುವುದು ಹೇಗೆ? "ಯವ್ವಾ, ಬಾ ಈಕಡೆ, ಮಂದೀ ಕಾಯಿ ತುಳೀಬ್ಯಾಡ," ಎಂದೆ. ನಾನು ಹೇಳಬಾರದ ಮಾತು ಅದೇ ಆಗಿತ್ತು.

"ನನಗ ಹೇಳಾಕ ಬಂದೀಯೇನವಾ? ನಾ ತುಳದು ಎಷ್ಟ ಕಾಯಿ ಒಣಗಸೇನಿ, ಗೊತ್ತೈತೇನು?" ಎಂದು ಸಿಟ್ಟಿಗೆದ್ದ ಅವ್ವ ಅಲ್ಲೇ ಕುಕ್ಕರಿಸಿ ಕುಳಿತು ಕಾಯಿ ಆರಿಸತೊಡಗಿದಳು.

ಆಗ ಸಪ್ಪಳ ಬಂತು. ದೊಡ್ಡದೇನಲ್ಲ, ಒಲೆಯ ಮುಂದೆ ಯಾರೋ ಕಟ್ಟಿಗೆ ಮುರಿದಂತೆ. ಅವ್ವನ ಸುತ್ತಲಿನ ಕಾಯಿ ಒಂದಿಷ್ಟು ಒಳಕ್ಕೆ ಜಾರಿತು. ಇನ್ನು ಸುಳ್ಳು ಹೇಳಿ ಉಪಯೋಗವಿಲ್ಲ ಎನಿಸಿತು.

"ಯವ್ವಾ, ನಿನ್ನ ಕೆಳಗ ಬಾವಿಯಷ್ಟ ನೀರ ಐತಿ. ಹಲಿಗಿ ಕೊಳತು ಲಡ್ಡಾಗ್ಯಾವು. ಅವಸರ ಮಾಡಬ್ಯಾಡ ಬೇ, ಹೋದ ದಾರೀಲೆ ಬಾ."

ಅವ್ವ ನನ್ನ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಊರಿ ಎದ್ದಳು. ಕಣದಲ್ಲಿ ಕಾಯಿ ಹೊರಳಿಸುವಾಗ ಹೆಂಗಸರು ಪಾದ ಎತ್ತುವುದಿಲ್ಲ, ನೆಲಕ್ಕೆ ಉಜ್ಜುತ್ತ ಎಳೆಯುತ್ತಾರೆ. ಹಾಗೇ ಪಾದ ಎಳೆಯುತ್ತ, ಕಾಯಿಯಲ್ಲಿ ಎರಡು ಸಾಲು ಬಿಡುತ್ತ ಬಂದಳು. ಒಂದು ಕಡೆ ನಿಂತು ಕಾಲಿನಿಂದಲೇ ಹಲಗೆಯನ್ನು ಒತ್ತಿ ನೋಡಿ, ಪಕ್ಕಕ್ಕೆ ಸರಿದಳು. ಅಂಚಿಗೆ ಬಂದ ಕೂಡಲೇ ಹುಬ್ಬಳ್ಳಿಯವರು ಅವಳನ್ನು ಎಳೆದುಕೊಂಡರು. ನಾನು ಅವ್ವನನ್ನು ತಬ್ಬಿಕೊಂಡು ಅತ್ತೆ.

ಅದಾದ ಮೇಲೆ ಪರೀಕ್ಷೆ ನಡೆಯಿತು. ಒಂದು ಮೂಲೆಯ ತಾಡಪತ್ರಿ ಮಡಚಿ ಹಲಗೆ ಎಳೆದರೆ ಅದು ಕೈಯಲ್ಲೇ ಮುರಿಯಿತು. ಕೆಳಗೆ ಕಪ್ಪು ನೀರು, ಅದರಲ್ಲಿ ಕೊಳೆತ ಕಾಯಿ ತೇಲುತ್ತಿದ್ದವು. ಇಳಿಬಿಟ್ಟ ಬಿದಿರಿನ ಗಳ ಆಳುದ್ದ ದಾಟಿ ಇಳಿಯಿತು. ಹತ್ತಿ ಬರುವ ಏಣಿಯನ್ನು ಎಂದೋ ಕಿತ್ತು ಹಾಕಿದ್ದರು. ಮೋಟರಿನ ವೈರು ಬತ್ತಲೆಯಾಗಿ ನೀರಿನ ಪಕ್ಕದಲ್ಲೇ ಬಿದ್ದಿತ್ತು.

"ಆದ್ರ ಸೋರಾಂಗಿಲ್ಲ ನೋಡ್ರಿ," ಎಂದರು ಮಾಲೀಕರು. ಖರೇ ಹೇಳಬೇಕೆಂದರೆ ಆ ಕೊಳಕ್ಕೆ ಇದ್ದ ಗುಣ ಅದೊಂದೇ.

ಮನೆ ಬೇಡವೆಂದು ಹೇಳಿ ಹೊರಟೆ. ಅವ್ವ ಅಲ್ಲಿಂದ ಕದಲಲಿಲ್ಲ. "ಈ ಕಾಯಿ ಹೊರಳಸೋರು ಯಾರ್ರಿ?" ಎಂದು ಕೇಳಿದಳು.

"ಕೂಲಿ ಹೆಣ್ಮಕ್ಕಳು. ನೀವು ಬರ್ತೀರಂತ ಇವತ್ತ ಹಿತ್ತಲದಾಗ ಉಣ್ಣಾಕ ಕಳಿಸೇನಿ."

"ಅವರಿಗೆ ಗೊತ್ತೈತಿ?"

ಮಾಲೀಕರು ನೆಲ ನೋಡಿದರು. "ಹೇಳಿದ್ರ ಹೆದರ್ತಾರ. ಹೆದರಿದ್ರ ಕೆಲಸಕ್ಕ ಬರಾಂಗಿಲ್ಲಲ್ರಿ."

"ಅವರು ಬರೂತನಾ ನಾ ಇಲ್ಲಿಂದ ಏಳಾಂಗಿಲ್ಲ," ಎಂದು ಅವ್ವ ಅಂಚಿನಲ್ಲೇ ಕುಳಿತಳು. ಮಾಲೀಕರು ಏನೇನೋ ಸಮಜಾಯಿಷಿ ಹೇಳಿದರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನಗುತ್ತ ಬಂದರು. ಅವ್ವ ಅಡ್ಡ ನಿಂತು, ತೆರೆದಿದ್ದ ಮೂಲೆಯನ್ನು ತೋರಿಸಿದಳು. ಒಬ್ಬಳು ಬಗ್ಗಿ ನೋಡಿದಳು. ನೋಡುತ್ತಲೇ ಹಿಂದಕ್ಕೆ ಸರಿದು ಪಕ್ಕದವಳ ಕೈ ಹಿಡಿದುಕೊಂಡಳು.

"ನಿನ್ನಿ ಕಾಯಿ ಸರಿಸಿ, ಎಲ್ಲಾರೂ ನಟ್ಟನಡುವ ಕುಂತು ರೊಟ್ಟಿ ತಿಂದ್ವಲ್ಲ ಬೇ."