ಹಳದಿ ಹೌಸಿಗಿಟ್ಟ ಹೆಸರು

ಕೋಟದ ಹೆದ್ದಾರಿ ಪಕ್ಕದ ಶಾಲೆಯಲ್ಲಿ ನಾನು ಟೀಚರಾಗಿದ್ದಾಗ, ಮಕ್ಕಳನ್ನು ಹಂಚಿದ ನಾಲ್ಕು ಹೌಸ್‌ಗಳಿಗೆ ಮೊದಲು ಬಣ್ಣದ ಹೆಸರಷ್ಟೇ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಜೂನ್‌ನಲ್ಲಿ, ಹೆಡ್‌ಮಾಸ್ಟರು ಹೊಸ ಯೋಚನೆ ತಂದರು. ಈ ಸೀಮೆಯ ಮಕ್ಕಳ ಆರೋಗ್ಯಕ್ಕೆ ದುಡಿದು ತೀರಿಕೊಂಡ ನಾಲ್ವರ ಹೆಸರನ್ನು ಹೌಸ್‌ಗಳಿಗೆ ಇಡುವುದು. ಎಲ್ಲರೂ ಒಪ್ಪಿದೆವು. ನನ್ನ ಪಾಲಿನ ಹಳದಿ ಹೌಸಿಗೆ ಕುಂದಾಪುರದ ಮಕ್ಕಳ ಡಾಕ್ಟರ ಹೆಸರು ಬಂತು.

ಆದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ‘ಮಕ್ಳ ಡಾಕ್ಟ್ರ್’ ಅಂದರೆ ಸಾಕು, ಕಂಡಕ್ಟರ್ ಅವರ ಕ್ಲಿನಿಕ್ಕಿನ ಎದುರೇ ಬಸ್ಸು ನಿಲ್ಲಿಸಿ ಇಳಿಸುತ್ತಿದ್ದ. ನಾವು ಬೋರ್ಡಿನಲ್ಲಿ ಬರೆದದ್ದು ಇನಿಶಿಯಲ್ ಸಮೇತ ಅವರ ಪೂರ್ತಿ ಹೆಸರು. ದೊಡ್ಡ ವೈದ್ಯರು ಎಂದು ಮಕ್ಕಳಿಗೆ ಹೇಳಿದೆವು. ಅದು ಯಾರೆಂದು ಹೆಚ್ಚಿನ ಮನೆಗಳಿಗೆ ತಿಳಿಯಲೇ ಇಲ್ಲ.

ಆರನೇ ತರಗತಿಯ ಒಬ್ಬ ಹುಡುಗಿ ಹಳದಿಗೆ ಬಂದಳು. ತಾಯಿ ಮೀನು ಮಾರುವವಳು. ಹುಡುಗಿಯ ಗಂಟಲು ದೊಡ್ಡದು, ಆದ್ದರಿಂದ ಡಾಕ್ಟರ ಹೆಸರಿಗೆ ಜೈಕಾರ ಕೂಗಿಸುವ ಕೆಲಸ ಅವಳಿಗೆ ಸಿಕ್ಕಿತು. “ಹ್ವಾಯ್, ಕಾಮಾಲಿ ಹೌಸ್ ಬಂತ್ ಕಾಣಿ!” ಎಂದು ಹಸಿರಿನವರು ಗೇಲಿ ಮಾಡಿದಷ್ಟೂ ಅವಳ ದನಿ ಏರುತ್ತಿತ್ತು. ಮನೆಯಲ್ಲಿಯೂ ಕೂಗಿ ಅಭ್ಯಾಸ ಮಾಡುತ್ತಿದ್ದಳಂತೆ.

ಆಗಸ್ಟಿನಲ್ಲಿ ಜಗಲಿಗೆ ನಾಲ್ವರ ಫೋಟೋಗಳನ್ನು ಆಯಾ ಹೌಸಿನ ಬಣ್ಣದ ಚೌಕಟ್ಟಿನಲ್ಲಿ ಹಾಕಿದೆವು. ಪೋಷಕರ ಸಭೆಗೆ ಬಂದ ಆ ತಾಯಿ, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಡಾಕ್ಟರ ಫೋಟೋದ ಎದುರು ತುಂಬ ಹೊತ್ತು ನಿಂತಳು. ಆಮೇಲೆ ಮಗಳ ಹಳದಿ ರಿಬ್ಬನ್ ನೋಡಿದಳು.

“ಟೀಚರೇ, ಇವ್ಳನ್ ಬೇರೆ ಹೌಸಿಗ್ ಹಾಕಿ.”

ಹೆಡ್‌ಮಾಸ್ಟರು ಪಕ್ಕದಲ್ಲೇ ಇದ್ದರು. “ಎಂತಕ್ಕೆ? ಎಷ್ಟ್ ಮಕ್ಳನ್ ಉಳ್ಸಿದೋರ್ ಅವ್ರ್, ಮಾರಾಯ್ತಿ!”

“ನಾ ಇಲ್ಲ ಅಂದೆನಾ ಮಾಸ್ಟ್ರೇ?” ಎಂದಳು. ಮತ್ತೆ ನನ್ನ ಕಡೆ ತಿರುಗಿದಳು. “ಇವ್ಳ್ ತಮ್ಮ ಒಬ್ಬ ಇದ್ದ. ವಾಂತಿ-ಭೇದಿ ಶುರುವಾಯ್ತ್. ನಾ ಮೊದ್ಲ್ ಮಂತ್ರಿಸ್ದ ನೂಲ್ ಕಟ್ಸುಕೆ ತಕಂಡ್ ಹೋದೆ. ನೂಲ್ ಕಟ್ದೋರ್ ಬೆಳಿಗ್ಗಿ ವರಿಗ್ ಕಾಣಿ ಅಂದ್ರ್, ಕಂಡೆ. ಮತ್ತೆ ಕುಂದಾಪ್ರಕ್ಕ್ ಹೋಯಿ ಇವ್ರ ಕೈಯಗೆ ಕೊಟ್ಟೆ. ಮುಟ್ಟಿ ಕಂಡ್ರ್. ‘ಒಂಚೂರ್ ಮುಂಚೆ ಬಪ್ಪುಕ್ ಆಯ್ಲಿಲ್ಯಾ’ ಅಂದ್ರ್. ಬೈದದ್ದಲ್ಲ, ಮೆಲ್ಲಗೇ ಹೇಳ್ರ್.”

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

“ಅವ್ರ್ ಹೇಳದ್ದ್ ಸಮ. ಸಮ ಆದ್ದಕ್ಕೇ ನಂಗೆ ಅವ್ರ್ ಹೆಸ್ರ್ ಕೇಂಬುಕಾತಿಲ್ಲ. ಇವ್ಳ್ ಆ ಹೆಸ್ರ್ ಮನಿಯಗೆ ಕೂಗುಕಾಗ.”

ಹುಡುಗಿ ತಾನೇ ಜಡೆಯಿಂದ ರಿಬ್ಬನ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮರುದಿನ ಅವಳನ್ನು ನೀಲಿಗೆ ಕಳಿಸಿ, ನೀಲಿಯಿಂದ ಇನ್ನೊಬ್ಬಳನ್ನು ತಂದೆ. ಹೆಸರುಗಳನ್ನೇ ತೆಗೆದು ಮತ್ತೆ ಬಣ್ಣಕ್ಕೆ ಹೋಗೋಣವೇ ಎಂದು ಹೆಡ್‌ಮಾಸ್ಟರನ್ನು ಕೇಳಿದೆ. ಅವರು, “ಡಾಕ್ಟ್ರ ಮನೆಯವ್ರಿಗೆ ಎಂತ ಅಂದ್ ಹೇಳುದ್, ಟೀಚರೇ?” ಎಂದರು. ಬೋರ್ಡಿನ ಹೆಸರುಗಳು ಹಾಗೆಯೇ ಉಳಿದವು. ಆ ಡಾಕ್ಟರು ನನ್ನ ಮಗುವನ್ನೂ ಉಳಿಸಿದ್ದರು.

ಡಿಸೆಂಬರಿನ ಕ್ರೀಡಾಕೂಟಕ್ಕೆ ತಾಯಿ ವ್ಯಾಪಾರ ಮುಗಿಸಿ ಬಂದು ಗೇಟಿನ ಬಳಿ ನಿಂತಿದ್ದಳು. ಮಗಳಿಗೆ ಓಟವಿತ್ತು. ಮೊದಲು ಪಥಸಂಚಲನ. ಹಳದಿಯವರು ಗೇಟಿನ ಮುಂದೆ ತಿರುಗುವಾಗ, ಕಲಿಸಿದ ಹಾಗೆಯೇ, ನೂರಾರು ದನಿಯಲ್ಲಿ ಡಾಕ್ಟರ ಹೆಸರು ಕೂಗಿದರು. ಒಂದು ಮಗುವಿನ ಹೌಸ್ ಬದಲಿಸಿದರೆ ಆಯಿತು ಎಂದುಕೊಂಡಿದ್ದ ನಾನು ಆ ಸಾಲಿನ ಮುಂದೆಯೇ ನಡೆಯುತ್ತಿದ್ದೆ. ಅವಳು ಬುಟ್ಟಿಯನ್ನು ತಲೆಗೆತ್ತಿ ಹೆದ್ದಾರಿ ದಾಟಿ ಬಸ್ ಸ್ಟಾಪಿನ ಕಡೆ ಹೋಗುವುದು ಕಂಡಿತು.

ಓಟದಲ್ಲಿ ಹುಡುಗಿ ಗೇಟಿನ ಕಡೆ ನೋಡುತ್ತಲೇ ಓಡಿ ಮೂರನೆಯವಳಾದಳು. “ಅಬ್ಬಿ ಹೋಯ್ತಾ, ಟೀಚರೇ?” ಎಂದು ತಾಯಿ ನಿಂತಿದ್ದ ಜಾಗ ತೋರಿಸಿ ಕೇಳಿದಳು.

ಹೋದರು ಎಂದೆ.